ಶುಕ್ರವಾರ ಅಳೆದ ಗಲ್ಲಿ

ನಾನು ಜೀವನದಲ್ಲಿ ಬರೆದ ಅತ್ಯಂತ ಚೊಕ್ಕ ನಕ್ಷೆ ಶಿಡ್ಲಘಟ್ಟದ ಒಂದು ಗಲ್ಲಿಯದು. ಅದರಲ್ಲಿ ಒಂದು ಗೆರೆಯೂ ಒಡೆದಿರಲಿಲ್ಲ, ಒಂದು ಹನಿ ಮಸಿಯೂ ಹರಡಿರಲಿಲ್ಲ. ಅಕ್ಷರಗಳು ಅಚ್ಚು ಹಾಕಿದ ಹಾಗಿದ್ದವು. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ನಾಚಿಕೆಯಾಗುತ್ತದೆ.

ಅರವತ್ತರ ದಶಕದ ನಡುಭಾಗದ ಮಾತು. ಆಗ ನಮ್ಮ ಕಡೆಯೆಲ್ಲ ಕೋಲಾರ ಜಿಲ್ಲೆಗೆ ಸೇರಿತ್ತು. ನಾನು ಚಿಂತಾಮಣಿಯವನು. ಶಿಡ್ಲಘಟ್ಟದ ಪುರಸಭೆಯಲ್ಲಿ ಟ್ರೇಸರ್ ಎಂಬ ಹಂಗಾಮಿ ಕೆಲಸ ಸಿಕ್ಕಿತ್ತು. ಟ್ರೇಸರ್ ಅಂದರೆ ಬೇರೆಯವರು ಬರೆದ ನಕ್ಷೆಯ ಮೇಲೆ ಗಂಜಿ ಹಾಕಿದ ತೆಳು ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಗಳನ್ನು ಮಸಿಯಲ್ಲಿ ತಿದ್ದುವವನು. ಸ್ವಂತ ಬುದ್ಧಿ ಬೇಕಾಗದ ಕೆಲಸ. ಆದರೆ ಆಫೀಸಿನಲ್ಲಿ ಜನ ಕಡಿಮೆ, ಓವರ್ಸಿಯರ್‌ಗೆ ಮಂಡಿನೋವು. ಹಾಗಾಗಿ ಅಳೆಯುವುದೂ ನನ್ನ ತಲೆಗೇ ಬಂತು. ನನಗೆ ಇಪ್ಪತ್ತಮೂರು ವರ್ಷ, ತಲೆಯಲ್ಲಿ ಜಂಬಕ್ಕೇನೂ ಬರವಿರಲಿಲ್ಲ.

ಅಳೆಯಬೇಕಾಗಿದ್ದು ಚರಕದ ಗಲ್ಲಿಯನ್ನು. ಆ ಗಲ್ಲಿಯಲ್ಲಿ ಮನೆಯೂ ಕಾರ್ಖಾನೆಯೂ ಒಂದೇ. ಮುಂದಿನ ಪಡಸಾಲೆಯಲ್ಲಿ ಒಲೆ, ಒಲೆಯ ಮೇಲೆ ಕುದಿಯುವ ನೀರಿನ ಬಾಣಲೆ, ಬಾಣಲೆಯಲ್ಲಿ ರೇಷ್ಮೆಗೂಡು. ಒಬ್ಬರು ಬಿಸಿನೀರಿಗೆ ಕೈ ಅದ್ದಿ ಅದ್ದಿ ಗೂಡಿನ ಎಳೆ ಹುಡುಕಿ ಜೋಡಿಸಿಕೊಡಬೇಕು, ಇನ್ನೊಬ್ಬರು ಚರಕ ತಿರುಗಿಸಬೇಕು. ಹಿಂದಿನ ಕೋಣೆಯಲ್ಲಿ ಅಡುಗೆ, ಮಲಗುವುದು, ಹೆರಿಗೆ, ಎಲ್ಲ. ಬೆಂದ ಹುಳುವಿನ ವಾಸನೆ ಊರಿನ ಬಸ್‌ಸ್ಟ್ಯಾಂಡಿಗೇ ಬಂದು ಸ್ವಾಗತ ಮಾಡುತ್ತಿತ್ತು. ಒಂದು ಕಾಲಕ್ಕೆ ಅಲ್ಲಿ ಚರಕವಿಲ್ಲದ ಮನೆಯೇ ಇರಲಿಲ್ಲವಂತೆ. ನಾನು ಹೋಗುವ ಹೊತ್ತಿಗೆ ಅರ್ಧ ಚರಕಗಳು ನಿಂತಿದ್ದವು. ನೇಯುವವರಿಗೆ ಯಂತ್ರದಲ್ಲಿ ತೆಗೆದ ಒಂದೇ ಸಮನಾದ ನೂಲು ಬೇಕಾಗಿತ್ತು. ನಿಂತ ಮನೆಗಳ ಗೋಡೆಗಳು ಹೊಟ್ಟೆ ಬಿಟ್ಟು ಬಾಗಿದ್ದವು, ಚರಂಡಿ ಕಟ್ಟಿಕೊಂಡು ನೀರು ಹೊಸ್ತಿಲಿಗೆ ಬರುತ್ತಿತ್ತು.

ಕೋಲಾರದ ಎಂಜಿನಿಯರ್ ಸಾಹೇಬರು ಒಂದು ಯೋಜನೆ ಹಾಕಿದ್ದರು. ಚರಕಗಳನ್ನೆಲ್ಲ ಊರ ಹೊರಗೆ ಚಿಂತಾಮಣಿ ರಸ್ತೆಗೆ ಸಾಗಿಸಿ, ಹೊಗೆಗೂಡು ಇರುವ ಉದ್ದನೆಯ ಶೆಡ್ಡುಗಳನ್ನು ಕಟ್ಟುವುದು. ಗಲ್ಲಿಯ ಅರ್ಧ ಮನೆ ಕೆಡವಿ ರಸ್ತೆ ಅಗಲ ಮಾಡುವುದು. ಅಲ್ಲಿದ್ದ ಒಂದೊಂದು ಸಂಸಾರಕ್ಕೂ ಹೊಸ ಬಡಾವಣೆಯಲ್ಲಿ ಒಂದೊಂದು ಸೈಟು, ಎರಡು ಕೋಣೆಯ ಮನೆ, ನಲ್ಲಿ, ದೀಪ. ಇವತ್ತು ಇಂಥದ್ದನ್ನೆಲ್ಲ ಮೂದಲಿಸುವುದು ಸುಲಭ. ನಾನು ಮೂದಲಿಸುವುದಿಲ್ಲ. ಆ ಹೊಗೆಯಲ್ಲಿ ಕೆಮ್ಮುವ ಮಕ್ಕಳನ್ನು ನಾನೇ ಕಂಡಿದ್ದೆ. ಆ ಯೋಜನೆಯನ್ನು ನಾನು ಮನಸಾರೆ ನಂಬಿದ್ದೆ.

ಮೊದಲ ಸೋಮವಾರ ಸರಪಳಿ ಹಿಡಿಯುವ ಮುದುಕ ಜವಾನನನ್ನು ಕರೆದುಕೊಂಡು ಹೋದೆ. ಅಳತೆ ಹಿಡಿಯುವುದಿರಲಿ, ಕಾಲಿಡಲೂ ಆಗಲಿಲ್ಲ. ಒಂದು ಕಡೆ ಆವಿ, ಒಂದು ಕಡೆ ಹೊಗೆ. ಅಡ್ಡಡ್ಡ ಕಟ್ಟಿದ ಹಗ್ಗದ ಮೇಲೆ ಒಣಗುವ ನೂಲಿನ ಲಡಿಗಳು. ಅಳತೆಗೆಂದು ಒಯ್ದಿದ್ದ ಮೂರು ಕಾಲಿನ ಮೇಜಿನ ಒಂದು ಕಾಲು ಚರಂಡಿಗೆ ಇಳಿಯಿತು. ಯಾರೋ ಹೆಂಗಸು ಒಳಗಿನಿಂದ, "ಯಾವೋನಯ್ಯ ಅವ್ನು, ನೂಲ್ ತುಳೀತವ್ನೆ!" ಎಂದು ಕೂಗಿದಳು. ನನಗೆ ಮೂಗಿನ ತುದಿಯಲ್ಲೇ ಕೋಪ. ಪೆನ್ಸಿಲ್ ಎಸೆದು ಹೊರಗೆ ಬಂದೆ. ಜವಾನ ಪೆನ್ಸಿಲ್ ಆರಿಸಿಕೊಂಡು ಬಂದು ಹೇಳಿದ:

"ಶುಕ್ರವಾರ ಬನ್ನಿ ಸ್ವಾಮಿ. ಒಂದು ನರಪಿಳ್ಳೆ ಇರಲ್ಲ."

ಗಲ್ಲಿಯ ಹೆಚ್ಚಿನವರು ಉರ್ದು ಮಾತಾಡುವ ಮುಸಲ್ಮಾನರು. ಶುಕ್ರವಾರ ಅಲ್ಲಿ ಚರಕಕ್ಕೆ ರಜೆ. ನಾನು ಆ ಮಧ್ಯಾಹ್ನ ಹೋಗಿ ನೋಡಿದರೆ ಗಲ್ಲಿ ನನಗೋಸ್ಕರ ಗುಡಿಸಿಟ್ಟ ಹಾಗಿತ್ತು. ಒಲೆಗಳು ಆರಿದ್ದವು, ಹಗ್ಗಗಳನ್ನು ಬಿಚ್ಚಿದ್ದರು, ಗಂಡಸರು ನಮಾಜಿಗೆ ಹೋಗಿದ್ದರು. ಈ ತುದಿಯಲ್ಲಿ ನಿಂತರೆ ಆ ತುದಿಯ ಬಾವಿಯ ರಾಟೆ ಕಾಣುತ್ತಿತ್ತು. ನಾಲ್ಕು ಶುಕ್ರವಾರಗಳಲ್ಲಿ ಇಡೀ ಗಲ್ಲಿಯನ್ನು ಅಳೆದು ಮುಗಿಸಿದೆ.

ಗಲ್ಲಿಯ ಕೊನೆಯಲ್ಲಿ, ಬಾವಿಗೂ ಅಲ್ಲಿನ ದೊಡ್ಡ ಚರಕದ ಮನೆಯ ಗೋಡೆಗೂ ನಡುವೆ ಒಂದು ತುಂಡು ಜಾಗವಿತ್ತು. ಮನೆಯ ಹೆಂಚಿನ ಸೂರು ಅದರ ಮೇಲೆ ಅಗಲಕ್ಕೆ ಚಾಚಿತ್ತು. ಗೋಡೆಯ ಬುಡದಲ್ಲಿ ಮಸಿ ಹಿಡಿದ ಮೂರು ಕಲ್ಲು, ಗೋಡೆಯಲ್ಲೊಂದು ಮೊಳೆ, ನೆಲದ ಮೇಲೆ ಗಾಡಿಚಕ್ರದ ಗುರುತು. ಇವಿಷ್ಟನ್ನೂ ನಾನು ಕಣ್ಣಾರೆ ನೋಡಿದೆ. ಯಾವುದೋ ಹಳೆಯ ಒಲೆಯಿರಬೇಕು ಅಂದುಕೊಂಡೆ. ಅಡಿಪಟ್ಟಿ ಇಟ್ಟು ನಾಲ್ಕು ಗೆರೆ ಎಳೆದು ಒಳಗೆ 'ಖಾಲಿ' ಎಂದು ಬರೆದೆ.

ಓವರ್ಸಿಯರ್ ನಕ್ಷೆ ನೋಡಿ ಬೆನ್ನು ತಟ್ಟಿದರು. "ಪರವಾಗಿಲ್ಲ ಕಣಯ್ಯ, ತಲೆ ಓಡಿಸ್ತೀಯ," ಎಂದರು. ಅಷ್ಟು ಹೊಗಳಿಕೆ ಸಾಕಾಗಲಿಲ್ಲವೇನೋ, ನಕ್ಷೆಯ ಜೊತೆ ಕೋಲಾರಕ್ಕೆ ಹೋಗುವ ಟಿಪ್ಪಣಿಯಲ್ಲಿ ನನ್ನದೇ ಒಂದು ಸಾಲು ಸೇರಿಸಿದೆ: ಶುಕ್ರವಾರಗಳಲ್ಲಿ ಗಲ್ಲಿ ನಿರ್ಜನವಾಗಿರುವುದರಿಂದ ಸ್ಥಳ ಪರಿಶೀಲನೆಗೆ ಆ ದಿನವೇ ಅನುಕೂಲ. ಕೇಳಿದವರು ಯಾರು? ಯಾರೂ ಕೇಳಿರಲಿಲ್ಲ.

ಯೋಜನೆ ಒಪ್ಪಿಗೆಯಾಗಿ ಬಂತು. ಸೈಟು ಸಿಗುವವರ ಪಟ್ಟಿಯನ್ನು ಪುರಸಭೆಯ ಗೋಡೆಗೆ ಅಂಟಿಸಿದೆವು. ಆಕ್ಷೇಪಣೆ ಇರುವವರು ಒಂದು ತಿಂಗಳೊಳಗೆ ಅರ್ಜಿ ಕೊಡಬೇಕು. ಪಟ್ಟಿಯಲ್ಲಿದ್ದ ಮನೆಗಳ ಬಾಗಿಲಿಗೆಲ್ಲ ನಂಬರು ಬರೆಯಬೇಕು. ಟಾರಿನ ಡಬ್ಬಿ, ಕುಂಚ ಹಿಡಿದು ಒಂದು ಮಂಗಳವಾರ ಬೆಳಿಗ್ಗೆ ಹೊರಟೆ. ಮನೆಯಲ್ಲಿ ಜನ ಇರುವಾಗಲೇ ನಂಬರು ಬರೆಯಬೇಕೆಂದು ನಿಯಮವಿತ್ತು. ಅಳೆಯುವುದಕ್ಕೆ ಅಂಥ ನಿಯಮ ಇರಲಿಲ್ಲ.

ಒಂದೊಂದೇ ಬಾಗಿಲಿಗೆ ಬರೆಯುತ್ತ ಗಲ್ಲಿಯ ಕೊನೆಗೆ ಬಂದೆ. ನನ್ನ 'ಖಾಲಿ' ಜಾಗದಲ್ಲಿ ಒಂದು ಮನೆಯಿತ್ತು.

ಸೂರಿನಿಂದ ಇಳಿಬಿಟ್ಟ ಮೂರು ಈಚಲು ಚಾಪೆಗಳೇ ಗೋಡೆ. ಮೂರು ಕಲ್ಲಿನ ಮೇಲೆ ಮಡಕೆ. ನಾನು ನೋಡಿದ್ದ ಮೊಳೆಗೆ ಒಂದು ಕೈಗನ್ನಡಿ ನೇತುಹಾಕಿತ್ತು. ಐವತ್ತರ ಹತ್ತಿರದ ಹೆಂಗಸೊಬ್ಬರು ಮುದ್ದೆ ಕಟ್ಟುತ್ತಿದ್ದವರು ತಲೆಯೆತ್ತಿ ನೋಡಿದರು. ಪಕ್ಕದ ದೊಡ್ಡ ಮನೆಯಲ್ಲಿ ಬಾಣಲೆಯ ಮುಂದೆ ಕೂತು ಎಳೆ ತೆಗೆಯುವವರು ಅವರೇ ಎಂದು ಆಮೇಲೆ ತಿಳಿಯಿತು.

"ಬಾಪ್ಪ, ಬಾ," ಎಂದರು. "ಎಲ್ಲಾರ್ ಮನೆಗೂ ಬರ್ದ್ಯಂತೆ. ನಮ್ಮನೇದು ಎಷ್ಟ್ನೇ ನಂಬರ್ರಪ್ಪ?"

"ನೀವು ಇಲ್ಲೇ ಇರೋದಾ ಅಮ್ಮ?"

"ಇಲ್ದೆ ಇನ್ನೆಲ್ಲಿ? ನಮ್ಮೆಜಮಾನ್ರು ತೀರ್ಕೊಂಡ ವರ್ಷ ಬಂದಿದ್ದು. ಹನ್ನೊಂದು ವರ್ಷ ಆಯ್ತು."

"ಶುಕ್ರವಾರ?"

"ಶುಕ್ರವಾರ ಬೂದಿಗಾಡಿ ಬರ್ತದಲ್ಲಪ್ಪ, ಎತ್ತು ತಿರುಗಕ್ಕೆ ಜಾಗ ಬೇಡ್ವಾ? ಬೆಳಿಗ್ಗೇನೇ ಚಾಪೆ ಬಿಚ್ಚಿ ಸುತ್ತಿ ಪಕ್ಕದ್ ಸಾಹೇಬ್ರ ಮನೇಲಿ ಇಟ್ಬುಟ್ಟು ಸಾದಲಿಗೆ ಹೋಗ್ತೀನಿ. ಮಗಳ ಮನೆ ಅಲ್ಲಿ. ಶನಿವಾರ ಮೊದ್ಲ ಬಸ್ಸಿಗೆ ವಾಪಸ್ಸು."

ಅದು ಆ ಗಲ್ಲಿಯವರು ತಾವೇ ಮಾಡಿಕೊಂಡ ಏರ್ಪಾಡು. ವಾರವಿಡೀ ಒಲೆಗಳಲ್ಲಿ ತುಂಬಿದ ಬೂದಿಯನ್ನು ಶುಕ್ರವಾರ ಬೆಳಿಗ್ಗೆ ಒಂದು ಎತ್ತಿನಗಾಡಿ ಬಂದು ಒಯ್ಯುತ್ತಿತ್ತು. ಆ ಇಕ್ಕಟ್ಟಿನಲ್ಲಿ ಗಾಡಿ ತಿರುಗಿಸಲು ಇದ್ದದ್ದು ಅದೊಂದೇ ಜಾಗ. ದಿಕ್ಕಿಲ್ಲದ ಹೆಂಗಸಿಗೆ ಇರಲು ಇದ್ದದ್ದೂ ಅದೇ. ಆರು ದಿನ ಇವರಿಗೆ, ಒಂದು ದಿನ ಗಾಡಿಗೆ ಎಂದು ದೊಡ್ಡ ಮನೆಯ ಸಾಹೇಬರ ತಂದೆ ತೀರ್ಮಾನ ಮಾಡಿದ್ದರಂತೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಜಗಳವಾಗಿರಲಿಲ್ಲ. ಎಂಜಿನಿಯರ್ ಓದಿದವರು ಕೂತು ಯೋಚಿಸಿದ್ದರೂ ಇದಕ್ಕಿಂತ ಒಳ್ಳೆಯ ದಾರಿ ಹೊಳೆಯುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಒಂದು ಜಾಗಕ್ಕೆ ಒಂದೇ ಹೆಸರು ಬರೆಯಬೇಕು ಎಂದು ನನಗೆ ಕಲಿಸಿದ್ದರು. ದಿನಕ್ಕೊಂದು ಹೆಸರಿರುವ ಜಾಗವೂ ಇರುತ್ತದೆಂದು ಯಾರೂ ಹೇಳಿರಲಿಲ್ಲ.

"ನಂಬರ್ ಬರಿಯಪ್ಪ, ಮುದ್ದೆ ಆರೋಗ್ತದೆ," ಎಂದರು.

ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಎಂದು ಆಗಲೇ ಹೇಳಬೇಕಾಗಿತ್ತು. ಅದರ ಬದಲು ಕುಂಚ ಅದ್ದಿ, ಪಟ್ಟಿಯ ಕೊನೆಯ ನಂಬರಿಗೆ ಒಂದು ಕೂಡಿಸಿ, ಮುಂದಿನ ಚಾಪೆಯ ಮೇಲೆ ದಪ್ಪಗೆ ಬರೆದೆ. ಅಂಥ ನಂಬರು ಯಾವ ಕಾಗದದಲ್ಲೂ ಇರಲಿಲ್ಲ. ಆಕೆ ದೂರ ನಿಂತು ನೋಡಿ, "ಚೆನ್ನಾಗ್ ಬರ್ದಿದ್ಯಾ," ಎಂದು ನನಗೊಂದು ತುಂಡು ಬೆಲ್ಲ ಕೊಟ್ಟರು. ನಾನು ತಿಂದೆ.

ಆಫೀಸಿಗೆ ಬಂದು ಓವರ್ಸಿಯರ್‌ಗೆ ಎಲ್ಲ ಹೇಳಿದೆ, ಚಾಪೆಯ ನಂಬರೊಂದನ್ನು ಬಿಟ್ಟು. ಅವರು ಮಂಡಿ ಉಜ್ಜಿಕೊಳ್ಳುತ್ತ, "ನಕ್ಷೆ ಒಪ್ಪಿಗೆಯಾಗಿ ಬಂದ್ಮೇಲೆ ನಾವು ಮುಟ್ಟಂಗಿಲ್ಲ. ಒಂದು ಅರ್ಜಿ ಕೊಡ್ಲಿ ಬಿಡು, ತಿಂಗಳು ಟೈಮಿದೆಯಲ್ಲ," ಎಂದರು.

ಬಹಳ ಸುಲಭದ ದಾರಿ. ಆದರೆ ಅರ್ಜಿ ಕೊಡಿ ಎಂದು ಆಕೆಗೆ ಹೇಳಬೇಕಾದರೆ ನಂಬರು ಸುಳ್ಳೆಂದೂ ಹೇಳಬೇಕು. ನಾಳೆ ಹೇಳೋಣ ಎಂದು ಒಂದು ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಒಂದು ದಿನ ಗಟ್ಟಿ ಮನಸ್ಸು ಮಾಡಿ ಹೋದೆ. ಆಕೆ ನಂಬರಿನ ಪಕ್ಕ ಅರಿಶಿನ ಕುಂಕುಮ ಹಚ್ಚಿದ್ದರು. ಹೊಸ ಮನೆಯಲ್ಲಿ ಒಲೆ ಯಾವ ದಿಕ್ಕಿಗೆ ಬರುತ್ತದೆ ಎಂದು ಕೇಳಿದರು. ಪೂರ್ವಕ್ಕೆ ಎಂದು ಹೇಳಿ ವಾಪಸ್ಸು ಬಂದೆ. ನಾನು ಹೇಡಿ ಎಂದು ನನಗೆ ಗೊತ್ತಾದದ್ದು ಅವತ್ತೇ.

ಕಡೆಯ ದಿನ ಬಂದೇ ಬಂತು. ಅದು ಶುಕ್ರವಾರವೇ ಆಗಬೇಕೇ! ಬೆಳಿಗ್ಗೆ ನಾನೇ ಅರ್ಜಿ ಬರೆದು, ಹೆಬ್ಬೆಟ್ಟಿನ ಮಸಿಯ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಸಾದಲಿಯ ಬಸ್ಸು ಹತ್ತಿದೆ. ಐದು ಗಂಟೆಯೊಳಗೆ ಅದು ಆಫೀಸಿನ ಮೇಜಿನ ಮೇಲಿರಬೇಕಾಗಿತ್ತು.

ಮಗಳ ಮನೆ ಸಿಕ್ಕಿತು. ಒಳಗೆ ಬಿಡಲಿಲ್ಲ. ರೇಷ್ಮೆ ಸಾಕುವ ಮನೆಗೆ ಹೊರಗಿನವರು ಹೋಗುವ ಹಾಗಿಲ್ಲ, ಅದರಲ್ಲೂ ಹುಳು ಗೂಡು ಕಟ್ಟುವ ಹೊತ್ತಿನಲ್ಲಿ. ಮಗಳು ಬಾಗಿಲಿಗೆ ಅಡ್ಡ ನಿಂತು, "ಹುಳ ಹಣ್ಣಾಗವೆ ಕಣಣ್ಣ. ಅಮ್ಮ ಕೈ ಬಿಡಂಗಿಲ್ಲ. ಕೂತಿರಿ," ಎಂದಳು. ಬೇವಿನ ಮರದ ಕೆಳಗೆ ಕೂತೆ. ಸೂರ್ಯ ನೆತ್ತಿಯಿಂದ ಇಳಿದ ಮೇಲೆ ಆಕೆ ಹೊರಬಂದರು. ನನ್ನನ್ನು ನೋಡಿ ಮುಖ ಅರಳಿತು. ಸೈಟಿನ ಕಾಗದ ತಂದಿದ್ದೇನೆ ಎಂದುಕೊಂಡರೇನೋ.

ನಿಂತುಕೊಂಡೇ ಎಲ್ಲ ಹೇಳಿದೆ. ಶುಕ್ರವಾರ ಅಳೆದದ್ದು, ಖಾಲಿ ಎಂದು ಬರೆದದ್ದು, ನಂಬರು ಸುಳ್ಳು ಎಂಬುದು. ಆಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದರು.

"ಮಂಗಳ್ವಾರ ನಾನಿದ್ದೆ. ಬುಧ್ವಾರ ಇದ್ದೆ," ಎಂದರು ಕೊನೆಗೆ. "ಆರು ದಿನ ಬಿಟ್ಟು ಏಳ್ನೇ ದಿನ ಬಂದು ಇಲ್ಲ ಅಂತ ಬರ್ಕೊಂಡು ಹೋದ್ಯಾ? ಅಯ್ಯೋ, ಏಮಿ ಚದುವು ಚದಿವಿನಾವಪ್ಪಾ!"

ಏನು ಓದು ಓದಿದೆಯಪ್ಪ ಎಂದು ತೆಲುಗಿನಲ್ಲಿ ಬೈದರು. ನಮ್ಮ ಕಡೆ ಸಿಟ್ಟು ನೆತ್ತಿಗೇರಿದರೆ ತೆಲುಗು ತಾನಾಗಿ ಬರುತ್ತದೆ. ಅದಕ್ಕೆ ನಾನು ತಲೆ ತಗ್ಗಿಸಿದೆ. ಆಮೇಲೆ ಹೇಳಿದ್ದಕ್ಕೆ ತಗ್ಗಿಸಿದ ತಲೆ ಎತ್ತಲಾಗಲಿಲ್ಲ.

"ತಪ್ಪು ಎಲ್ಲಾರೂ ಮಾಡ್ತಾರೆ. ಅವತ್ತೇ ಇಲ್ಲ ಅಂದಿದ್ರೆ ನಾನು ಸಾಹೇಬ್ರನ್ನ ಕರ್ಕೊಂಡು, ಗಲ್ಲಿಯೋರ್ನೆಲ್ಲ ಕರ್ಕೊಂಡು ಆಫೀಸ್ ತಾವ ಬರ್ತಿದ್ದೆ. ನಂಬರ್ ಯಾಕ್ ಬರ್ದೆ? ನಂಬರ್ ಐತೆ ಅಂತ ನಾನು ಸುಮ್ಕಿದ್ದೆ."

ಹೆಬ್ಬೆಟ್ಟು ಒತ್ತಿದರು. ಕಾಗದ ನೋಡಿದರೆ ಬರೀ ಮಸಿಯ ಬೊಟ್ಟು. ಮತ್ತೊಮ್ಮೆ ಒತ್ತಿಸಿದೆ, ಅದೂ ಹಾಗೆಯೇ. ವರ್ಷಗಟ್ಟಲೆ ಕುದಿಯುವ ನೀರಿಗೆ ಅದ್ದಿದ ಬೆರಳಿನಲ್ಲಿ ಗೆರೆಗಳೇ ಉಳಿದಿರಲಿಲ್ಲ. ಬೆರಳಿನ ತುದಿ ಬೆಳ್ಳಗೆ, ನುಣ್ಣಗೆ ಇತ್ತು. ಬಸ್ಸಿನಲ್ಲಿ ಆ ಬೊಟ್ಟನ್ನು ನೋಡುತ್ತ ಬಂದೆ. ಐದಕ್ಕೆ ಸ್ವಲ್ಪ ಮುಂಚೆ ಗುಮಾಸ್ತರ ಮುಂದಿಟ್ಟೆ. "ಏನ್ರೀ ಇದು, ಮಸಿ ಚೆಲ್ಲಿದ್ದೀರಾ?" ಎಂದು ಮೂಗು ಮುರಿದರು. ಓವರ್ಸಿಯರ್ ಒಳಗಿನಿಂದ ಹೂಂ ಅಂದದ್ದಕ್ಕೆ ಮೊಹರು ಬಿತ್ತು.

ಕೋಲಾರದಿಂದ ಉತ್ತರ ಬರಲು ಎರಡು ತಿಂಗಳಾಯಿತು. ಎಂಜಿನಿಯರ್ ಸಾಹೇಬರು ಯಾರಿಗೂ ತಿಳಿಸದೆ ಖುದ್ದಾಗಿ ಬಂದು ಸ್ಥಳ ನೋಡಿಕೊಂಡು ಹೋಗಿದ್ದರಂತೆ. ಜಾಗ ಖಾಲಿ ಇರುವುದು ಕಂಡುಬಂದಿದೆ, ಅರ್ಜಿಯನ್ನು ತಳ್ಳಿಹಾಕಲಾಗಿದೆ ಎಂದಿತ್ತು. ಅವರು ಯಾವ ದಿನ ಬಂದಿದ್ದರೆಂದು ನಾನು ಕೇಳಬೇಕಾಗಿರಲಿಲ್ಲ. ಟಿಪ್ಪಣಿಯಲ್ಲಿ ಆ ದಿನವನ್ನು ಸೂಚಿಸಿದ್ದವನು ನಾನೇ.

ಉಳಿದ ಆರು ದಿನ ಅಲ್ಲಿ ಮನೆ ಇರುತ್ತದೆ ಎಂದು ಒಂದು ಹೇಳಿಕೆ ಬರೆದು ಓವರ್ಸಿಯರ್‌ಗೆ ಕೊಟ್ಟೆ. ಅವರು ಕೆಟ್ಟವರಲ್ಲ. ಓದಿ, ಕನ್ನಡಕ ತೆಗೆದು ಕೇಳಿದರು: "ವಾರದಲ್ಲಿ ಆರು ದಿನ ಇರೋ ಮನೇನ ಯಾವ ಕಾಲಮ್ಮಲ್ಲಿ ಬರೀತೀಯಯ್ಯ?" ಆದರೂ ಹೇಳಿಕೆಯನ್ನು ಮೇಲಕ್ಕೆ ಕಳಿಸಿದರು. ಅದರ ಸುದ್ದಿ ಮತ್ತೆ ಬರಲಿಲ್ಲ.

ಕೆಲಸ ಎಲ್ಲಿಂದ ಶುರು ಮಾಡಬೇಕು ಎಂಬ ಮಾತು ಬಂತು. ಮನೆಗಳಿರುವ ಕಡೆ ಕೈ ಹಾಕಬೇಕಾದರೆ ಮೊದಲು ಸೈಟು ಕೊಡಬೇಕು, ಜನರನ್ನು ಎಬ್ಬಿಸಬೇಕು, ತಕರಾರು ತೀರಿಸಬೇಕು. ಖಾಲಿ ಜಾಗಕ್ಕೆ ಅದ್ಯಾವುದೂ ಇಲ್ಲ. ಹಾಗಾಗಿ ಮೊದಲು ಅಲ್ಲೇ ನಲ್ಲಿಕಟ್ಟೆ ಕಟ್ಟುವುದೆಂದು ಆಯಿತು. ಸುಣ್ಣದ ಪುಡಿಯಲ್ಲಿ ಪಾಯದ ಗೆರೆ ಹಾಕಲು ನನ್ನನ್ನೇ ಕಳಿಸಿದರು, ಒಂದು ಶುಕ್ರವಾರ, ಬೂದಿಗಾಡಿ ಹೋದ ಮೇಲೆ. ಆಗುವುದಿಲ್ಲ ಎಂದು ಹೇಳಬಹುದಾಗಿತ್ತು. ಹಂಗಾಮಿ ಕೆಲಸ, ಊರಲ್ಲಿ ಅಪ್ಪ ಅಮ್ಮ ಎಂದು ನಾನು ಹೇಳಿಕೊಂಡ ಕಾರಣಗಳು ಎಷ್ಟೋ. ಗೆರೆ ಹಾಕಿದೆ.

ದೊಡ್ಡ ಮನೆಯ ಸಾಹೇಬರು ನಮಾಜಿಗೆ ಹೊರಟವರು ಬಾಗಿಲಲ್ಲೇ ನಿಂತರು. ಅವರ ಹಿಂದೆ ಗೋಡೆಗೆ ಒರಗಿಸಿದ್ದ ಮೂರು ಸುರುಳಿ ಚಾಪೆ ನನಗೆ ಕಾಣುತ್ತಿತ್ತು.

"ನಾಳೆ ಅಕ್ಕ ಬಂದ್ರೆ ನಾನೇನು ಹೇಳ್ಲಿ ಸಾರ್?" ಎಂದರು.

ನಾನು ಬಗ್ಗಿ ಕೊನೆಯ ಮೂಲೆಗೆ ಸುಣ್ಣ ಸುರಿದೆ. ಅವರು ನಮಾಜಿಗೆ ಹೋದರು. ಸಂಜೆಯೊಳಗೆ ಕೂಲಿಯವರು ಸೊಂಟದ ಮಟ್ಟ ಅಗೆದರು.

ಆ ಯೋಜನೆಯ ಮುಂದಿನ ಕಥೆಯನ್ನೂ ಹೇಳಿಬಿಡುತ್ತೇನೆ. ನಾನು ಗೌರಿಬಿದನೂರಿಗೆ ವರ್ಗವಾಗುವವರೆಗೂ ಚಿಂತಾಮಣಿ ರಸ್ತೆಯಲ್ಲಿ ಒಂದು ಶೆಡ್ಡೂ ಏಳಲಿಲ್ಲ, ಹೊಸ ಬಡಾವಣೆಯಲ್ಲಿ ಒಂದು ಇಟ್ಟಿಗೆಯೂ ಬೀಳಲಿಲ್ಲ. ಬಾಗಿಲುಗಳ ಮೇಲಿನ ಟಾರು ಮಾಸಿಹೋಯಿತು. ಚರಕಗಳು ಇದ್ದಲ್ಲೇ ತಿರುಗಿದವು, ನಿಂತವು ನಿಂತಲ್ಲೇ ನಿಂತವು. ಆದದ್ದು ಆ ನಲ್ಲಿಕಟ್ಟೆ ಒಂದೇ. ಅದು ಬಂದ ಮೇಲೆ ಬೂದಿಗಾಡಿಗೆ ತಿರುಗಲು ಜಾಗವಿಲ್ಲದೆ ಗಾಡಿ ಬರುವುದೇ ನಿಂತಿತು. ಬೂದಿ ಬಾಗಿಲು ಬಾಗಿಲಿಗೆ ಗುಡ್ಡೆಯಾಗಿ, ಮಳೆ ಬಂದರೆ ಚರಂಡಿಗೆ ಇಳಿಯುತ್ತಿತ್ತು. ಗಲ್ಲಿಯನ್ನು ಉದ್ಧಾರ ಮಾಡಲು ಹೋದ ನಾವು ಅದನ್ನು ಇನ್ನಷ್ಟು ಕೆಡಿಸಿ ಬಂದೆವು.

ಗೆರೆ ಹಾಕಿದ ಮರುದಿನದ ಶನಿವಾರಕ್ಕೆ ಬರುತ್ತೇನೆ. ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುವಾಗಲೇ ಆಕೆ ಮೆಟ್ಟಿಲ ಮೇಲೆ ಕೂತಿದ್ದರು. ಸಾದಲಿಯ ಮೊದಲ ಬಸ್ಸಿಗೆ ಬಂದು, ಗಲ್ಲಿಗೆ ಹೋಗಿ, ಅಲ್ಲಿಂದ ನೇರ ಬಂದಿದ್ದರು. ಸಾಹೇಬರು ತಮ್ಮ ಪಡಸಾಲೆಯಲ್ಲೇ ಇರಿ ಎಂದರಂತೆ. ಅವರದ್ದೇ ತುಂಬಿದ ಸಂಸಾರ, ಕಾಲು ಚಾಚಲು ಜಾಗವಿಲ್ಲ, ನಾನು ಮಗಳ ಮನೆಗೇ ಹೋಗ್ತೀನಿ ಎಂದು ಹೇಳಿ ಬಂದಿದ್ದರು. ಅಳಿಯನ ಮನೆಯಲ್ಲಿ ವಾರಕ್ಕೊಂದು ದಿನ ನೆಂಟಳಾಗಿ ಹೋಗುವುದು ಬೇರೆ, ಏಳು ದಿನವೂ ಇರುವುದು ಬೇರೆ. ಅದು ಅವರ ಮುಖದಲ್ಲೇ ಕಾಣುತ್ತಿತ್ತು.

ಮಡಿಲಲ್ಲಿ ಒಂದೇ ಒಂದು ಚಾಪೆಯ ಸುರುಳಿ ಇತ್ತು. ಎದ್ದು ಬಂದು ನನ್ನ ಮೇಜಿನ ಮೇಲೆ, ಟ್ರೇಸಿಂಗ್ ಬಟ್ಟೆಯ ಮೇಲೆಯೇ ಬಿಚ್ಚಿ ಹಾಸಿದರು. ನಾನು ಬರೆದ ನಂಬರು, ಪಕ್ಕದಲ್ಲಿ ಅರಿಶಿನ ಕುಂಕುಮ.

"ಇದು ನಿಂದು. ನೀನೇ ಮಡಿಕ್ಕೋ," ಎಂದರು.

ಅಮ್ಮ, ತಪ್ಪಾಯಿತು ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ಅವರು ನನ್ನ ಮುಖವನ್ನು ನೋಡಲಿಲ್ಲ. ಗೋಡೆಗೆ ತೂಗುಹಾಕಿದ್ದ ಗಲ್ಲಿಯ ನಕ್ಷೆಯನ್ನು ನೋಡುತ್ತಿದ್ದರು. ಓದಲು ಬಾರದಿದ್ದರೂ ಬಾವಿಯ ದುಂಡನೆಯ ಗುರುತನ್ನು ಹೇಗೋ ಕಂಡುಹಿಡಿದರು. ಅದರ ಪಕ್ಕ, 'ಖಾಲಿ' ಎಂಬ ಎರಡಕ್ಷರದ ಮೇಲೆ ಆ ಬಿಳಿಚಿದ ಬೆರಳಿಟ್ಟರು.

"ಇಲ್ಲೇ ಅಲ್ವಾ ನೀನು ಬರ್ದಿರೋದು?"

"ಹೌದಮ್ಮ."

"ಈಗ ಸರಿಹೋಯ್ತಾ ನೋಡ್ಕೋ," ಎಂದು ಹೇಳಿ, ಸೆರಗು ಹೊದ್ದುಕೊಂಡು ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದರು.